ಸಣ್ಣ ರೇಸ್ ಬೋಟ್ ಸಜ್ಜು ಮಾಡುವುದು ಹೇಗೆ: ಎಂಜಿನ್ ಆಯ್ಕೆಯಿಂದ ನೀರಿಗಿಳಿಸುವವರೆಗೆ

"ಎಷ್ಟು ಎಚ್‌ಪಿ ಎಂಜಿನ್ ತಗೊಳ್ಳಲಿ?" ಔಟ್‌ಬೋರ್ಡ್ ರೇಸಿಂಗ್, ಅಂದರೆ ಹಿಂಬದಿಗೆ ಹೊರಗಿನಿಂದ ಎಂಜಿನ್ ತಗುಲಿಸಿದ ಬೋಟುಗಳ ರೇಸ್ ಕಡೆ ಮನಸ್ಸು ಹೋದವರು ಮೊದಲು ಕೇಳುವ ಪ್ರಶ್ನೆ ಇದು. ಆದರೆ ಅದು ನೀವು ತೀರ್ಮಾನ ಮಾಡುವ ವಿಷಯವೇ ಅಲ್ಲ. ಯಾವ ಕ್ಲಾಸಿನಲ್ಲಿ, ಅಂದರೆ ರೇಸಿನ ಯಾವ ವರ್ಗದಲ್ಲಿ ಓಡಿಸುತ್ತೀರೋ ಆ ಕ್ಲಾಸಿನ ನಿಯಮ ಎಂಜಿನ್ ಯಾವುದು ಅಂತ ಹೇಳುತ್ತದೆ. ಒಂದು ಕ್ಲಾಸಿನಲ್ಲಿ ಎಲ್ಲರ ಹತ್ತಿರವೂ ಹೆಚ್ಚುಕಡಿಮೆ ಅದೇ ಎಂಜಿನ್. ಆದರೂ ಒಬ್ಬರು ಮೊದಲು ಬರುತ್ತಾರೆ, ಇನ್ನೊಬ್ಬರು ಅರ್ಧ ಸುತ್ತು ಹಿಂದೆ ಉಳಿಯುತ್ತಾರೆ. ವ್ಯತ್ಯಾಸ ಇರುವುದು ಎಂಜಿನ್ ಎಷ್ಟು ಎತ್ತರಕ್ಕೆ ಕೂತಿದೆ, ಎಷ್ಟು ಓರೆಯಾಗಿದೆ, ಪ್ರೊಪೆಲರ್ ಹೇಗಿದೆ, ಬೋಟಿನ ತಳ ನೆಟ್ಟಗಿದೆಯಾ, ಓಡಿಸುವವರ ಭಾರ ಎಲ್ಲಿ ಬೀಳುತ್ತದೆ ಅನ್ನುವುದರಲ್ಲಿ. ಹಾಗಾಗಿ ಈ ಲೇಖನದಲ್ಲಿ ಎಂಜಿನ್ ಕೊಳ್ಳುವುದಕ್ಕಿಂತ ಅದನ್ನು ಕೂರಿಸುವುದರ ಬಗ್ಗೆಯೇ ಜಾಸ್ತಿ ಮಾತು.

ಇಲ್ಲಿ ಹೇಳುವುದು ಮುಖ್ಯವಾಗಿ ಅಮೆರಿಕದ ಸ್ಟಾಕ್ ಔಟ್‌ಬೋರ್ಡ್ ರೇಸಿಂಗ್ ವಿಷಯ, ಅಂದರೆ ಕಾರ್ಖಾನೆಯಿಂದ ಬಂದ ಹಾಗೇ ಇರುವ ಎಂಜಿನ್‌ಗಳ ರೇಸ್. ಅಲ್ಲಿ ಇದನ್ನು ನಡೆಸುವುದು 1903ರಲ್ಲಿ ಶುರುವಾದ ಅಮೆರಿಕನ್ ಪವರ್ ಬೋಟ್ ಅಸೋಸಿಯೇಷನ್. ಚಿಕ್ಕದಾಗಿ ಎಪಿಬಿಎ. ಯುರೋಪಿನಲ್ಲಿ ಯುಐಎಂ ಎಂಬ ಅಂತರರಾಷ್ಟ್ರೀಯ ಪವರ್‌ಬೋಟ್ ಸಂಸ್ಥೆಯ ನಿಯಮ ನಡೆಯುತ್ತದೆ. 2018ರ ನವೆಂಬರ್‌ನಲ್ಲಿ ವಿಜಯವಾಡದಲ್ಲಿ ಕೃಷ್ಣಾ ನದಿಯ ಮೇಲೆ ಫಾರ್ಮುಲಾ ಒನ್ ಪವರ್‌ಬೋಟ್ ರೇಸ್ ಆಯಿತಲ್ಲ, ಅದೂ ಯುಐಎಂ ಕೆಳಗಿನದ್ದೇ. ಆದರೆ ಅದು ಕೋಟಿಗಟ್ಟಲೆ ದುಡ್ಡಿನ ಆಟ. ನಾವು ಮಾತಾಡುತ್ತಿರುವುದು ಪಿಕಪ್ ಗಾಡಿಯ ಹಿಂದೆ ಚಿಕ್ಕ ಟ್ರೇಲರ್ ಕಟ್ಟಿಕೊಂಡು ಹೋಗಿ, ಇಬ್ಬರು ಎತ್ತಿ ನೀರಿಗಿಡುವ ಬೋಟಿನ ಬಗ್ಗೆ.

ಮೊದಲು ಕ್ಲಾಸ್ ಗೊತ್ತು ಮಾಡಿಕೊಳ್ಳಿ

ಪುಸ್ತಕ ಓದಿ ಕ್ಲಾಸ್ ಆರಿಸಬೇಡಿ. ನಿಮ್ಮ ಮನೆಯಿಂದ ಮೂರ್ನಾಲ್ಕು ಗಂಟೆ ದಾರಿಯೊಳಗೆ ಯಾವ ಕ್ಲಾಸಿನ ಬೋಟುಗಳು ಓಡುತ್ತವೆ ಅಂತ ಹೋಗಿ ನೋಡಿ. ಎದುರಾಳಿಗಳೇ ಇಲ್ಲದ ಕ್ಲಾಸಿಗೆ ಅಂದದ ಬೋಟ್ ಕಟ್ಟಿ ಏನು ಮಾಡುತ್ತೀರಿ? ಇನ್ನೊಂದು ಲಾಭ, ಅದೇ ಕ್ಲಾಸಿನವರು ಹತ್ತಿರ ಇದ್ದರೆ ಬಿಡಿಭಾಗ ಸಿಗುತ್ತವೆ, ಪ್ರೊಪೆಲರ್ ಎರವಲು ಸಿಗುತ್ತದೆ, ಸಲಹೆಯಂತೂ ಕೇಳದಿದ್ದರೂ ಸಿಗುತ್ತದೆ.

ಮನೆಯಲ್ಲಿ ಮಕ್ಕಳಿದ್ದರೆ ಎಪಿಬಿಎಯ ಜೆ ಕ್ಲಾಸ್ ನೋಡಿ. 9ರಿಂದ 15 ವರ್ಷದವರಿಗೆ ಅಂತಲೇ ಇದೆ. ಎಂಜಿನ್‌ಗೆ ಗಾಳಿ ಹೋಗುವ ದಾರಿಯನ್ನು ಒಂದು ತಟ್ಟೆ ಹಾಕಿ ಕಿರಿದು ಮಾಡಿರುತ್ತಾರೆ, ವೇಗ ಅಂಕೆಯಲ್ಲಿರುತ್ತದೆ. ದೊಡ್ಡವರಿಗೆ ಕಡಿಮೆ ಖರ್ಚಿನಲ್ಲಿ ರುಚಿ ನೋಡಬೇಕಿದ್ದರೆ ಅಮೆರಿಕದ ಪೂರ್ವ ಕರಾವಳಿಯಲ್ಲಿ ಕಾಕ್‌ಟೇಲ್ ಕ್ಲಾಸ್ ಅಂತ ಒಂದಿದೆ. 8 ಅಡಿಯ ಪ್ಲೈವುಡ್ ಬೋಟ್, ಹಿಂದೆ 6 ಅಥವಾ 8 ಎಚ್‌ಪಿಯ ಸಾಮಾನ್ಯ ಎಂಜಿನ್. ಬೋಟನ್ನು ಕಿಟ್ ತರಿಸಿ ಮನೆಯ ಗ್ಯಾರೇಜಿನಲ್ಲೇ ಕಟ್ಟಬಹುದು. ಯುರೋಪಿನಲ್ಲಾದರೆ ಜಿಟಿ15 ಇದೆ, 15 ಎಚ್‌ಪಿಯದ್ದು. ಅದರಿಂದ ಜಿಟಿ30ಕ್ಕೆ ಹೋಗಿ, ಆಮೇಲೆ 60 ಎಚ್‌ಪಿ ಫೋರ್ ಸ್ಟ್ರೋಕ್‌ನ ಫಾರ್ಮುಲಾ ಫೋರ್‌ಗೆ ಹೋಗುತ್ತಾರೆ.

ಕ್ಲಾಸ್ ಆರಿಸುವಾಗ ತಕ್ಕಡಿ ಮೇಲೆ ನಿಂತು ನೋಡಿ. ಸುಮ್ನೆ ಹೇಳುತ್ತಿಲ್ಲ. ಪ್ರತಿ ಕ್ಲಾಸಿಗೂ ಕನಿಷ್ಠ ತೂಕ ಇರುತ್ತದೆ, ಬೋಟ್, ಎಂಜಿನ್, ಓಡಿಸುವವರು ಎಲ್ಲ ಸೇರಿ. ರೇಸ್ ಮುಗಿದ ಕೂಡಲೇ ಒದ್ದೆ ಬಟ್ಟೆಯಲ್ಲೇ ತೂಗುತ್ತಾರೆ. ಕಡಿಮೆ ಬಂದರೆ ಅನರ್ಹ. ಸಣ್ಣ ಆಳಾದರೆ ಸೀಸ ಕಟ್ಟಿಕೊಂಡು ಸರಿ ಮಾಡಬಹುದು. ಕನಿಷ್ಠಕ್ಕಿಂತ 25 ಕಿಲೋ ಜಾಸ್ತಿ ಇದ್ದರೆ ಆ ಕ್ಲಾಸಿನಲ್ಲಿ ಎಂಥ ಎಂಜಿನ್ ಹಾಕಿದರೂ ಏದುಸಿರು ಬಿಡಬೇಕಾಗುತ್ತದೆ. ಒಂದು ಮೆಟ್ಟಿಲು ಮೇಲಿನ ಕ್ಲಾಸ್ ನೋಡುವುದೇ ವಾಸಿ.

ಎಂಜಿನ್: ಹೆಸರಿಗಿಂತ ಸ್ಥಿತಿ ಮುಖ್ಯ

ಹೊಸಬರಿಗೆ ಆಶ್ಚರ್ಯ ಆಗುವ ಸಂಗತಿ ಒಂದಿದೆ. ಸಣ್ಣ ಕ್ಲಾಸುಗಳಲ್ಲಿ ಓಡುವ ಎಂಜಿನ್‌ಗಳಲ್ಲಿ ಬಹಳಷ್ಟು ಅಜ್ಜನ ಕಾಲದವು. 1939ರಲ್ಲಿ ವಿಸ್ಕಾನ್ಸಿನ್‌ನ ಸೀಡರ್‌ಬರ್ಗ್‌ನಲ್ಲಿ ಕಾರ್ಲ್ ಕೀಕ್‌ಹೇಫರ್ ಶುರು ಮಾಡಿದ ಕಂಪನಿಯೇ ಮರ್ಕ್ಯುರಿ. ಅವರ ಕೆಜಿ7 ಎಂಬ ಎಂಜಿನ್, ರೇಸಿಗೆಂದೇ ಮಾಡಿದ ಕ್ವಿಕ್‌ಸಿಲ್ವರ್ ಲೋವರ್ ಯೂನಿಟ್ (ಗೇರ್, ಪ್ರೊಪೆಲರ್ ಶಾಫ್ಟ್ ಇರುವ, ನೀರಿನೊಳಗಿನ ಕೆಳಭಾಗ) ಜೊತೆಗೆ, ಎರಡನೇ ಮಹಾಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ ಸಣ್ಣ ಬೋಟ್ ರೇಸಿಂಗಿನ ಚಹರೆಯನ್ನೇ ಬದಲಿಸಿತು. ಹಳೆಯ ಎಂಜಿನ್‌ಗಳ ಕ್ಲಾಸುಗಳಲ್ಲಿ ಇವತ್ತಿಗೂ ಅದನ್ನು ಹಗ್ಗ ಎಳೆದು ಎಬ್ಬಿಸುವವರಿದ್ದಾರೆ.

ಇನ್ನೊಂದು ಹೆಸರು ಯಮಾಟೊ. ಇದರ ಹಿಂದಿನ ಕಥೆ ಚೆನ್ನಾಗಿದೆ. ಜಪಾನಿನಲ್ಲಿ ಕುದುರೆ ರೇಸಿನ ಥರ ದುಡ್ಡು ಕಟ್ಟಿ ನೋಡುವ ಮೋಟಾರ್ ಬೋಟ್ ರೇಸ್ ಇದೆ. 1952ರಲ್ಲಿ ನಾಗಾಸಾಕಿ ಪ್ರಾಂತ್ಯದ ಒಮುರಾದಲ್ಲಿ ಶುರುವಾಯಿತು, ಈಗ 24 ಕಡೆ ನಡೆಯುತ್ತದೆ. 6 ಬೋಟ್, 600 ಮೀಟರಿನ 3 ಸುತ್ತು. ಎಲ್ಲರಿಗೂ 400 ಸಿಸಿ ಆಸುಪಾಸಿನ, ಎರಡು ಸಿಲಿಂಡರಿನ ಯಮಾಟೊ ಎಂಜಿನ್. ಯಾರಿಗೆ ಯಾವ ಎಂಜಿನ್ ಅನ್ನುವುದು ಚೀಟಿ ಎತ್ತಿ ತೀರ್ಮಾನ. ಸುಮಾರು ಒಂದು ವರ್ಷ ಓಡಿಸಿ ಎಲ್ಲವನ್ನೂ ಬದಲಿಸುತ್ತಾರೆ. ಹಾಗೆ ಅಲ್ಲಿ ಓಡಿದ ಯಮಾಟೊ 80, 102, 302 ಮಾದರಿಗಳು ಅಮೆರಿಕಕ್ಕೆ ಬಂದು ಅಲ್ಲಿನ ಸಣ್ಣ ಕ್ಲಾಸುಗಳ ಬೆನ್ನೆಲುಬಾದವು. ಎಲ್ಲ ಒಂದೇ ಅಚ್ಚಿನವು, ಗಟ್ಟಿ, ರಿಪೇರಿಗೆ ಸುಲಭ. ಆದರೆ ಗೇರ್ ಬದಲಿಸುವ ವ್ಯವಸ್ಥೆ ಇಲ್ಲ, ನ್ಯೂಟ್ರಲ್ ಇಲ್ಲ. ಎಂಜಿನ್ ಶುರುವಾಯಿತು ಅಂದರೆ ಪ್ರೊಪೆಲರ್ ತಿರುಗುತ್ತಲೇ ಇರುತ್ತದೆ. ಇದನ್ನು ನೆನಪಲ್ಲಿಡಿ, ಮುಂದೆ ಬೇಕಾಗುತ್ತದೆ.

ಹೊಸ ಎಂಜಿನ್ ಕೊಳ್ಳೋಣ ಅಂದರೆ, ಅಮೆರಿಕದಲ್ಲಿ ಹೊಗೆ ನಿಯಮ ಬಿಗಿಯಾದ ಮೇಲೆ ಕಾರ್ಬ್ಯುರೇಟರಿನ ಹಳೆಯ ಥರದ ಟೂ ಸ್ಟ್ರೋಕ್ ಔಟ್‌ಬೋರ್ಡ್‌ಗಳು ಅಂಗಡಿಯಿಂದ ಮಾಯವಾದವು. ಹೊಸದು ಅಂದರೆ ಫೋರ್ ಸ್ಟ್ರೋಕ್. ಹೊಗೆ ಕಡಿಮೆ, ಎಣ್ಣೆ ಬೆರೆಸುವ ರಗಳೆ ಇಲ್ಲ, ಆದರೆ ಅಷ್ಟೇ ಎಚ್‌ಪಿಗೆ ಭಾರ ಜಾಸ್ತಿ. ನಿಯಮ ಎರಡಕ್ಕೂ ಜಾಗ ಕೊಟ್ಟರೆ ನಾನಂತೂ ಹೊಸಬರಿಗೆ ಫೋರ್ ಸ್ಟ್ರೋಕ್ ಅಂತಲೇ ಹೇಳುತ್ತೇನೆ. ಎಂಜಿನ್ ಬಿಚ್ಚುವ ಕೆಲಸ ಕಲಿಯುವುದಕ್ಕೆ ಮುಂಚೆ ಓಡಿಸುವುದನ್ನು ಕಲಿಯಬಹುದಲ್ವಾ?

ಸೆಕೆಂಡ್ ಹ್ಯಾಂಡ್ ಎಂಜಿನ್ ನೋಡಲು ಹೋಗುವಾಗ ಜೊತೆಗೆ ಮೂರು ಸಾಮಾನು ಇರಲಿ: ಕಂಪ್ರೆಷನ್ ಗೇಜ್ (ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಮಾಪಕ), ಪ್ಲಗ್ ಸ್ಪ್ಯಾನರ್, ಒಂದು ಪೆನ್ಸಿಲ್. ಎಂಜಿನ್ ತಣ್ಣಗಿರುವಾಗಲೇ ಹೋಗಿ. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಯಾಕೆ ಅಂತ ಕೇಳಿ. ಎಲ್ಲ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು, ಒಂದೊಂದು ಸಿಲಿಂಡರಿನ ಕಂಪ್ರೆಷನ್ ನೋಡಿ. ಅಂಕಿ ಎಷ್ಟು ಅನ್ನುವುದಕ್ಕಿಂತ ಎರಡೂ ಹತ್ತಿರ ಹತ್ತಿರ ಇವೆಯಾ ಅನ್ನುವುದು ಮುಖ್ಯ. ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ರಿಂಗ್ ಅಥವಾ ಸಿಲಿಂಡರ್ ಹೋಗಿದೆ ಅಂತಲೇ ಲೆಕ್ಕ ಹಾಕಿ ಚೌಕಾಸಿ ಮಾಡಿ.

ಬಿಚ್ಚಿದ ಪ್ಲಗ್‌ಗಳನ್ನು ಬೆಳಕಿಗೆ ಹಿಡಿದು ನೋಡಿ. ತುದಿಯ ಸುತ್ತ ಇರುವ ಬಿಳಿ ಪಿಂಗಾಣಿ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಎಂಜಿನ್ ಆರೋಗ್ಯವಾಗಿದೆ. ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಅದು ಸರಿ ಮಾಡಬಹುದಾದ ರೋಗ. ಸುಣ್ಣದ ಹಾಗೆ ಬಿಳುಚಿಕೊಂಡು, ಮೇಲೆ ಸಣ್ಣ ಸಣ್ಣ ಅಲ್ಯೂಮಿನಿಯಂ ಚುಕ್ಕೆ ಹೊಳೆಯುತ್ತಿದ್ದರೆ ಜೇಬಿಂದ ಕೈ ತೆಗೆಯಬೇಡಿ. ಆ ಚುಕ್ಕೆಗಳು ಬಂದಿರುವುದು ಕರಗುತ್ತಿರುವ ಪಿಸ್ಟನ್‌ನಿಂದ.

ಇನ್ನು ಲೋವರ್ ಯೂನಿಟ್. ಕೆಳಗಿನ ಸ್ಕ್ರೂ ಬಿಚ್ಚಿ ಗೇರ್ ಆಯಿಲ್ ಎರಡು ಹನಿ ಬೆರಳಿಗೆ ತಗೊಳ್ಳಿ. ಹಾಲು ಕಲಸಿದ ಹಾಗಿದ್ದರೆ ಸೀಲ್ ಹೋಗಿ ನೀರು ಒಳಗೆ ಬಂದಿದೆ. ಪ್ರೊಪೆಲರ್ ಶಾಫ್ಟ್ ಡೊಂಕಾಗಿದೆಯಾ ನೋಡಲು ಪೆನ್ಸಿಲ್ ಬೇಕು. ಪ್ಲಗ್ ಹೇಗೂ ಹೊರಗಿವೆ. ಪೆನ್ಸಿಲ್ಲನ್ನು ಗಟ್ಟಿಯಾಗಿ ಒಂದು ಕಡೆ ಊರಿ, ಮೊನೆಯನ್ನು ಶಾಫ್ಟಿನ ತುದಿಯ ಹತ್ತಿರ ಕೂದಲೆಳೆಯಷ್ಟು ದೂರಕ್ಕೆ ಹಿಡಿದು, ಶಾಫ್ಟನ್ನು ಕೈಯಲ್ಲಿ ನಿಧಾನ ತಿರುಗಿಸಿ. ಸಂದು ಒಮ್ಮೆ ದೊಡ್ಡದು ಒಮ್ಮೆ ಚಿಕ್ಕದು ಆದರೆ ಶಾಫ್ಟ್ ಎಲ್ಲೋ ಬಂಡೆಗೆ ಬಡಿದಿದೆ.

ಕೊನೆಯದಾಗಿ, ಎಂಜಿನ್ ಒಳಗೆ ಯಾರಾದರೂ ಅರ ಹಾಕಿದ್ದಾರಾ ಅಂತ ಕೇಳಿ. ಸ್ಟಾಕ್ ಕ್ಲಾಸ್ ಅಂದರೆ ಕಾರ್ಖಾನೆಯಿಂದ ಬಂದ ಹಾಗೇ ಇರಬೇಕು. ಪೋರ್ಟ್ ಅಗಲ ಮಾಡಿದ, ಹೆಡ್ ಉಜ್ಜಿದ ಎಂಜಿನ್ ಚೆನ್ನಾಗಿ ಓಡಬಹುದು. ಆದರೆ ದೊಡ್ಡ ರೇಸಿನಲ್ಲಿ ಗೆದ್ದವರ ಎಂಜಿನ್ ಬಿಚ್ಚಿ ಅಳೆಯುತ್ತಾರೆ. ಅಲ್ಲಿ ಸಿಕ್ಕಿಬಿದ್ದರೆ ಗೆಲುವೂ ಹೋಯಿತು, ಮರ್ಯಾದೆಯೂ ಹೋಯಿತು.

ನಮ್ಮ ಕರಾವಳಿಯವರಿಗೆ ಒಂದು ಮಾತು. ಮಲ್ಪೆ, ಗಂಗೊಳ್ಳಿ ಕಡೆ ನಾಡದೋಣಿಗಳಲ್ಲಿ ಔಟ್‌ಬೋರ್ಡ್ ಎಂಜಿನ್ ದಿನಬಳಕೆಯ ವಸ್ತು. ಅದನ್ನು ಬಿಚ್ಚಿ ಜೋಡಿಸುವ ಮೆಕ್ಯಾನಿಕ್‌ಗಳ ಕೈಚಳಕ ನೋಡಿದವರಿಗೆ ಗೊತ್ತು. ಆದರೆ ಅಲ್ಲಿ ಸಿಗುವ ಸೀಮೆಎಣ್ಣೆ ಎಂಜಿನ್‌ನ ಕಂಪ್ರೆಷನ್ ಬೇಕೆಂದೇ ಕಡಿಮೆ ಇಟ್ಟಿರುತ್ತಾರೆ. ಭಾರದ ಬಲೆ ಎಳೆದುಕೊಂಡು ಇಡೀ ದಿನ ಓಡುವುದಕ್ಕೆ ಅದು ಸರಿ, ರೇಸಿಗೆ ಆಗದು. ಅಲ್ಲಿಂದ ಎಂಜಿನ್ ತರುವ ಬದಲು ಆ ಮೆಕ್ಯಾನಿಕ್ ಹತ್ತಿರ ಕೆಲಸ ಕಲಿಯಿರಿ. ಹಾಗೇ, ಇಲ್ಲಿನ ನದಿ, ಹಿನ್ನೀರಿನಲ್ಲಿ ಎಂಜಿನ್ ಬೋಟ್ ಇಳಿಸುವ ಯೋಚನೆ ಇದ್ದರೆ 2021ರ ಒಳನಾಡು ಹಡಗು ಕಾಯ್ದೆ ಪ್ರಕಾರ ನೋಂದಣಿ ಬೇಕು. ಸುಮ್ನೆ ಇಳಿಸುವ ಹಾಗಿಲ್ಲ.

ಬೋಟ್: ಬಣ್ಣ ನೋಡಬೇಡಿ, ಮಗುಚಿ ತಳ ನೋಡಿ

ಸಣ್ಣ ರೇಸ್ ಬೋಟ್‌ಗಳಲ್ಲಿ ಎರಡು ಜಾತಿ. ರನ್‌ಅಬೌಟ್ ಅಂದರೆ ಚಪ್ಪಟೆ ತಳದ ಒಂಟಿ ಒಡಲಿನ ಬೋಟ್. ಹೈಡ್ರೋಪ್ಲೇನ್‌ಗೆ ಮುಂದೆ ಎರಡು ಬದಿ ಸ್ಪಾನ್ಸನ್ ಎಂಬ ಕಾಲುಗಳಿರುತ್ತವೆ. ವೇಗ ಹಿಡಿದಾಗ ಆ ಎರಡು ಕಾಲು, ಹಿಂದೆ ಪ್ರೊಪೆಲರ್, ಇಷ್ಟು ಮಾತ್ರ ನೀರಿಗೆ ತಾಗುತ್ತವೆ. ಉಳಿದ ಮೈಯೆಲ್ಲ ಗಾಳಿಯ ಮೇಲೆ. ಎರಡರಲ್ಲೂ ಮಂಡಿಯೂರಿ ಓಡಿಸಬೇಕು. ಅದೇ ಎಂಜಿನ್‌ಗೆ ಹೈಡ್ರೋ ಜೋರಾಗಿ ಓಡುತ್ತದೆ. ರನ್‌ಅಬೌಟ್ ಮೈಯೆಲ್ಲ ಕುಣಿಸುತ್ತದೆ, ತಿರುವಿನಲ್ಲಿ ನೀವೇ ಒಳಗೆ ವಾಲಿ ಬೋಟನ್ನು ಬಗ್ಗಿಸಬೇಕು. ಬ್ಯಾಲೆನ್ಸ್ ಬೇಗ ಕಲಿಯುವುದು ರನ್‌ಅಬೌಟ್‌ನಲ್ಲಿ. ಆದರೆ ಮೊದಲ ವರ್ಷ ಹೈಡ್ರೋ ಮೇಲಿದ್ದರೆ ಒದ್ದೆಯಾಗುವುದು ಕಡಿಮೆ.

ಮೊದಲ ಬೋಟನ್ನು ಹೊಸದಾಗಿ ಕಟ್ಟಿಸಬೇಡಿ. ಒಂದು ಸೀಸನ್ ಓಡಿಸಿದ ಮೇಲೆಯೇ ನಿಮಗೆ ಏನು ಬೇಕು ಅಂತ ಗೊತ್ತಾಗುವುದು. ಹಳೆಯದನ್ನು ಕೊಳ್ಳಿ, ಆದರೆ ಕಣ್ಣು ಬಿಟ್ಟುಕೊಂಡು ಕೊಳ್ಳಿ.

ಬೋಟನ್ನು ಮಗುಚಿ, ಬಡಗಿಗಳು ಬಳಸುವಂಥ ಎರಡು ಮರದ ಸ್ಟ್ಯಾಂಡ್ ಮೇಲೆ ಇಡಿಸಿ. ನಾಲ್ಕು ಅಡಿ ಉದ್ದದ ಉಕ್ಕಿನ ನೇರ ಪಟ್ಟಿಯನ್ನು ತಳದ ಹಿಂಭಾಗದಲ್ಲಿ, ಉದ್ದಕ್ಕೆ, ಅಂಚಿನ ಮೇಲೆ ನಿಲ್ಲಿಸಿ. ಇನ್ನೊಬ್ಬರು ಪಟ್ಟಿಯ ಆಚೆ ಬದಿಯಿಂದ ಟಾರ್ಚ್ ಹಾಕಲಿ. ನೀವು ಈಚೆಯಿಂದ ಕಣ್ಣನ್ನು ತಳದ ಮಟ್ಟಕ್ಕೆ ಇಳಿಸಿ ನೋಡಿ. ಪಟ್ಟಿಯ ಕೆಳಗೆ ಬೆಳಕು ಎಲ್ಲಿ ನುಸುಳುತ್ತದೆ ಅನ್ನುವುದರಲ್ಲೇ ಬೋಟಿನ ಗುಣ ಇದೆ. ಮಧ್ಯೆ ಬೆಳಕು, ತುದಿಗಳು ತಾಗಿವೆ ಅಂದರೆ ತಳ ಒಳಗೆ ತಗ್ಗಿದೆ. ಇಂಥ ಬೋಟ್ ಓಡುವಾಗ ಹಿಂಭಾಗ ಎತ್ತಿ, ಮೂತಿಯನ್ನು ನೀರಿಗೆ ಒತ್ತುತ್ತದೆ. ಸ್ಪೀಡ್ ಸಾಯುತ್ತದೆ. ಮಧ್ಯೆ ತಾಗಿ, ಹಿಂದಿನ ತುದಿಯಲ್ಲಿ ಬೆಳಕು ಬಂದರೆ ತಳ ಉಬ್ಬಿದೆ. ಅದು ಮೂತಿ ಎತ್ತಿ ಇಳಿಸಿ, ಎತ್ತಿ ಇಳಿಸಿ ಕುಪ್ಪಳಿಸುತ್ತದೆ. ಎಂಜಿನ್ ಎಷ್ಟು ತಿರುಗಿಸಿ ಮುರುಗಿಸಿ ಕೂರಿಸಿದರೂ ಈ ಕಾಯಿಲೆ ಪೂರ್ತಿ ಹೋಗುವುದಿಲ್ಲ. ಪಟ್ಟಿಯನ್ನು ಎಡಕ್ಕೆ, ನಡುವಿಗೆ, ಬಲಕ್ಕೆ ಸರಿಸಿ ಮೂರೂ ಕಡೆ ನೋಡಿ. ಒಂದು ಬದಿ ನೆಟ್ಟಗೆ, ಇನ್ನೊಂದು ಬದಿ ಡೊಂಕು ಅಂದರೆ ಬೋಟ್ ಒಂದೇ ಕಡೆ ಎಳೆಯುತ್ತದೆ.

ತಳ ಮುಗಿದು ಹಿಂಹಲಗೆ ಶುರುವಾಗುವ ಅಂಚು ಚೂಪಾಗಿರಬೇಕು. ಅಲ್ಲಿ ಪೇಂಟ್ ಬಳಿದು ದುಂಡಗಾಗಿದ್ದರೆ ನೀರು ಕತ್ತರಿಸಿಕೊಂಡು ಹೋಗದೆ ಅಂಟಿಕೊಂಡು ಎಳೆಯುತ್ತದೆ. ಹಿಂಹಲಗೆಯನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಿ. ಟಣ್ ಅನ್ನಬೇಕು. ಮೆತ್ತಗೆ ದಬ್ ಅಂದರೆ ಒಳಗೆ ಪ್ಲೈವುಡ್ ಕೊಳೆತಿದೆ. ಎಂಜಿನ್ ನೇತಾಡುವುದು ಅಲ್ಲೇ ತಾನೇ, ಅಲ್ಲಿ ರಾಜಿ ಇಲ್ಲ.

ಅಮೆರಿಕದ ಈ ರೇಸುಗಳಲ್ಲಿ ಸುತ್ತು ಎಡಕ್ಕೆ. ಹಾಗಾಗಿ ಹೈಡ್ರೋದಲ್ಲಿ ತಿರುವು ಹಿಡಿಯುವ ಲೋಹದ ಫಿನ್ ಎಡ ಸ್ಪಾನ್ಸನ್ ಹತ್ತಿರ ಇರುತ್ತದೆ. ಅದು ಅಲುಗಾಡದ ಹಾಗೆ ಇದೆಯಾ, ಬಾಗಿದೆಯಾ ನೋಡಿ. ಫಿನ್ ಸಡಿಲ ಇದ್ದರೆ ಮೊದಲ ತಿರುವಿನಲ್ಲೇ ಬೋಟ್ ಪಕ್ಕಕ್ಕೆ ಜಾರಿ ಹೊರಗೆ ಹೋಗುತ್ತದೆ.

ಎಂಜಿನ್ ಕೂರಿಸುವುದು

ಇಲ್ಲಿಂದ ಅವಸರ ಬೇಡ. ಬೋಟನ್ನು ಟ್ರೇಲರ್ ಮೇಲೆ ಮಟ್ಟವಾಗಿ ಇಟ್ಟು, ಹಿಂಹಲಗೆಯ ನಡುಗೆರೆ ಗುರುತು ಮಾಡಿ ಎಂಜಿನ್ ತೂಗುಹಾಕಿ. ಕ್ಲ್ಯಾಂಪ್ ಸ್ಕ್ರೂ ಬಿಗಿದರೆ ಸಾಲದು, ಹಲಗೆಯ ಮೂಲಕ ಬೋಲ್ಟ್ ಹಾಕಿ. ಅದರ ಮೇಲೆ ಒಂದು ಸರಪಳಿಯೂ ಇರಲಿ.

ಮೊದಲು ಎತ್ತರ. ಸಾಮಾನ್ಯ ಎಂಜಿನ್ ಆದರೆ ಪ್ರೊಪೆಲರ್ ಮೇಲೆ ಒಂದು ಚಪ್ಪಟೆ ರೆಕ್ಕೆ ಇರುತ್ತದಲ್ಲ, ಅದನ್ನು ಬೋಟಿನ ತಳದ ಮಟ್ಟಕ್ಕೆ ತಂದು ಶುರು ಮಾಡಿ. ರೇಸಿನ ಲೋವರ್ ಯೂನಿಟ್ ಆದರೆ ಅಳತೆ ಬೇರೆ. ನೇರ ಪಟ್ಟಿಯನ್ನು ತಳಕ್ಕೆ ಒತ್ತಿ ಹಿಂದಕ್ಕೆ ಚಾಚಿ, ಪ್ರೊಪೆಲರ್ ಶಾಫ್ಟಿನ ನಡುಬಿಂದು ಅದಕ್ಕಿಂತ ಎಷ್ಟು ಕೆಳಗಿದೆ ಅಂತ ಅಳೆಯುತ್ತಾರೆ. ನಿಮ್ಮ ಕ್ಲಾಸಿನ ಹಳಬರನ್ನು ಕೇಳಿದರೆ ಒಂದು ಅಂಕಿ ಹೇಳುತ್ತಾರೆ. ಅದಕ್ಕಿಂತ ಕಾಲು ಇಂಚು ಕೆಳಗೇ ಶುರು ಮಾಡಿ. ಎಂಜಿನ್ ಮೇಲೆ ಹೋದಷ್ಟೂ ನೀರಿನಲ್ಲಿ ಎಳೆಯುವ ಲೋಹ ಕಡಿಮೆಯಾಗುತ್ತದೆ, ವೇಗ ಏರುತ್ತದೆ. ಆದರೆ ಒಂದು ಹಂತ ದಾಟಿದರೆ ತಿರುವಿನಲ್ಲಿ ಪ್ರೊಪೆಲರ್ ಗಾಳಿ ಕುಡಿಯುತ್ತದೆ. ಎಂಜಿನ್ ಚೀರುತ್ತದೆ, ಬೋಟ್ ನಿಂತಲ್ಲೇ ನಿಲ್ಲುತ್ತದೆ. ಅದಕ್ಕಿಂತ ಕೆಟ್ಟದ್ದು, ತಂಪಿಗೆ ನೀರು ಎಳೆಯುವ ತೂತು ನೀರಿನಿಂದ ಹೊರಗೆ ಬಂದರೆ ಎಂಜಿನ್ ಬೆಂದುಹೋಗುತ್ತದೆ. ಪ್ರತಿ ಸಲ ಎತ್ತರ ಬದಲಿಸಿದಾಗ ತಂಪಿನ ನೀರು ಹೊರಗೆ ಚಿಮ್ಮುತ್ತಿದೆಯಾ ನೋಡಿ. ಕಾಲು ಇಂಚಿಗಿಂತ ದೊಡ್ಡ ಹೆಜ್ಜೆ ಇಡಬೇಡಿ.

ಆಮೇಲೆ ಓರೆ. ಎಂಜಿನ್‌ನ ಕಾಲು ಬೋಟಿನ ಕಡೆಗೆ ಒಳಗೆ ಬಂದರೆ ಮೂತಿ ಕೆಳಗೆ ಒತ್ತುತ್ತದೆ. ಹೊರಗೆ ಹೋದರೆ ಮೂತಿ ಏಳುತ್ತದೆ. ಜಪಾನಿನ ರೇಸಿನಲ್ಲಿ ಈ ಓರೆಯನ್ನು ಮೈನಸ್ 0.5 ಡಿಗ್ರಿಯಿಂದ 3 ಡಿಗ್ರಿವರೆಗೆ, ಅರ್ಧರ್ಧ ಡಿಗ್ರಿಯಾಗಿ ಮಾತ್ರ ಬದಲಿಸಲು ಬಿಡುತ್ತಾರೆ. ಯಾರು ಎಷ್ಟು ಇಟ್ಟಿದ್ದಾರೆ ಅಂತ ಪ್ರೇಕ್ಷಕರಿಗೂ ಹೇಳುತ್ತಾರೆ, ಯಾಕೆಂದರೆ ದುಡ್ಡು ಕಟ್ಟುವವರಿಗೆ ಅದು ಬೇಕು! ಅಲ್ಲಿ ಬಹಳ ಜನ ಮೈನಸ್ 0.5ರಲ್ಲೇ ಇರುತ್ತಾರೆ. ಓರೆ ಜಾಸ್ತಿ ಆದರೆ ನೇರ ದಾರಿಯಲ್ಲಿ ಹಾರುತ್ತದೆ, ತಿರುವಿನಲ್ಲಿ ಹಿಡಿತ ತಪ್ಪುತ್ತದೆ. ಅರ್ಧ ಡಿಗ್ರಿಗೆ ಅಷ್ಟು ಬೆಲೆ ಇದ್ದರೆ, ನಿಮ್ಮ ಬೋಟಿನಲ್ಲಿ ಅಂದಾಜಿನ ಮೇಲೆ ಬೆಣೆ ಬಡಿಯುವುದು ಎಷ್ಟು ಸರಿ? ಒಂದು ಡಿಜಿಟಲ್ ಕೋನಮಾಪಕ ತಗೊಳ್ಳಿ. ತಳದ ಮೇಲೊಮ್ಮೆ, ಶಾಫ್ಟ್ ಮೇಲೊಮ್ಮೆ ಇಟ್ಟು ವ್ಯತ್ಯಾಸ ಬರೆದಿಟ್ಟುಕೊಳ್ಳಿ. ಮೊದಲ ದಿನ ಶಾಫ್ಟ್ ತಳಕ್ಕೆ ಸಮಾನಾಂತರವಾಗಿರಲಿ.

ಸ್ಟೀರಿಂಗ್, ಥ್ರಾಟಲ್, ಜೀವ ಉಳಿಸುವ ಸಾಮಾನು

ಸಣ್ಣ ಬೋಟಿನ ಸ್ಟೀರಿಂಗ್ ಅಂದರೆ ಉಕ್ಕಿನ ವೈರ್, ರಾಟೆ, ಸಡಿಲ ಎಳೆದುಕೊಳ್ಳಲು ಸ್ಪ್ರಿಂಗ್. ವೈರಿನ ಪ್ರತಿ ತುದಿಗೂ ಎರಡು ಕ್ಲಿಪ್ ಇರಲಿ, ಒಂದನ್ನು ನಂಬಬೇಡಿ. ರಾಟೆಯ ಬೋಲ್ಟ್‌ಗಳಿಗೆ ಲಾಕ್ ನಟ್ ಹಾಕಿ. ಎಂಜಿನ್ ಎರಡೂ ಕಡೆ ಪೂರ್ತಿ ತಿರುಗಿದಾಗ ವೈರ್ ಎಲ್ಲೂ ಉಜ್ಜಬಾರದು.

ಥ್ರಾಟಲ್ ಕೈಯಲ್ಲಿ ಒತ್ತಿ ಹಿಡಿಯುವ ಲಿವರ್. ಬಿಟ್ಟ ಕೂಡಲೇ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಎಳೆದು ಎಂಜಿನ್ ಇಳಿಯಬೇಕು. ಜೊತೆಗೆ ಕಿಲ್ ಸ್ವಿಚ್ ದಾರ ನಿಮ್ಮ ಮೈಗೆ ಕಟ್ಟಿರಬೇಕು. ನೀವು ಬೋಟಿನಿಂದ ಎಸೆಯಲ್ಪಟ್ಟರೆ ದಾರ ಕಿತ್ತು ಎಂಜಿನ್ ನಿಲ್ಲಬೇಕು. ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಓಡಿಸುವವರಿಲ್ಲದ ಬೋಟ್ ನೆಟ್ಟಗೆ ಹೋಗುವುದಿಲ್ಲ, ಸುತ್ತುತ್ತದೆ. ಬಿದ್ದವರ ಮೇಲೇ ಬರುತ್ತದೆ. ಎರಡನ್ನೂ ಪ್ರತಿ ಸಲ ದಡದಲ್ಲೇ ಪರೀಕ್ಷೆ ಮಾಡಿ.

ಹೆಲ್ಮೆಟ್ ಕಿತ್ತಳೆಯಂಥ ಎದ್ದು ಕಾಣುವ ಬಣ್ಣದ್ದಿರಲಿ, ನೀರಿನಲ್ಲಿ ಬಿದ್ದಾಗ ಕಾಣುವುದು ತಲೆ ಮಾತ್ರ. ಲೈಫ್ ಜಾಕೆಟ್ ರೇಸಿಗೆ ಒಪ್ಪಿಗೆ ಇರುವಂಥದ್ದು, ತೊಡೆಗೆ ಪಟ್ಟಿ ಇರುವಂಥದ್ದು. ಕೈಕಾಲಿಗೆ ಕೆವ್ಲಾರ್ ಬಟ್ಟೆ, ಅದು ಬೇರೆ ಬೋಟಿನ ಪ್ರೊಪೆಲರ್‌ನಿಂದ ಕಾಪಾಡುವುದಕ್ಕೆ. ಇವುಗಳಿಗೆ ದುಡ್ಡು ಎತ್ತಿಟ್ಟು, ಉಳಿದದ್ದರಲ್ಲಿ ಎಂಜಿನ್ ನೋಡಿ. ಉಲ್ಟಾ ಮಾಡುವವರೇ ಜಾಸ್ತಿ.

ಪ್ರೊಪೆಲರ್ ಲೆಕ್ಕ

ಜಪಾನಿನಲ್ಲಿ 2012ರವರೆಗೆ ರೇಸರ್‌ಗಳು ತಮ್ಮದೇ ಪ್ರೊಪೆಲರ್ ತರಬಹುದಿತ್ತು. ಆಮೇಲೆ ಅದನ್ನು ನಿಲ್ಲಿಸಿದರು. ಈಗ ಎಂಜಿನ್ ಜೊತೆ ಬರುವುದನ್ನೇ ಸುತ್ತಿಗೆಯಲ್ಲಿ ತಟ್ಟಿ ತಮಗೆ ಬೇಕಾದ ಹಾಗೆ ಮಾಡಿಕೊಳ್ಳುತ್ತಾರೆ. ಪ್ರೊಪೆಲರ್‌ನಲ್ಲಿ ಎಷ್ಟು ವೇಗ ಅಡಗಿದೆ ಅಂತ ಇದರಿಂದಲೇ ತಿಳಿಯಬಹುದು. ನೀವು ಮಾತ್ರ ಈಗಲೇ ಸುತ್ತಿಗೆ ಎತ್ತಬೇಡಿ. ಎರಡು ಮೂರು ಪ್ರೊಪೆಲರ್ ಎರವಲು ತಂದು ಅಳೆದು ನೋಡಿ.

ಪಿಚ್ ಅಂದರೆ ಪ್ರೊಪೆಲರ್ ಒಂದು ಸುತ್ತಿಗೆ ಎಷ್ಟು ಇಂಚು ಮುಂದೆ ಹೋಗಬೇಕು ಅನ್ನುವ ಲೆಕ್ಕ. ಆರ್‌ಪಿಎಂ ಅನ್ನು ಪಿಚ್‌ನಿಂದ ಗುಣಿಸಿ, ಗೇರ್ ಅನುಪಾತದಿಂದ (ಪ್ರೊಪೆಲರ್ ಒಂದು ಸುತ್ತು ತಿರುಗಲು ಎಂಜಿನ್ ಎಷ್ಟು ಸುತ್ತು ತಿರುಗಬೇಕು ಅನ್ನುವ ಅಂಕಿ) ಭಾಗಿಸಿ, 0.001524ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಹೋಗಬೇಕಿತ್ತು ಅಂತ ಸಿಗುತ್ತದೆ. ಮೈಲಿ ಬೇಕಾದರೆ ಕೊನೆಯಲ್ಲಿ ಗುಣಿಸುವ ಬದಲು 1056ರಿಂದ ಭಾಗಿಸಿ. ಉದಾಹರಣೆಗೆ 6,000 ಆರ್‌ಪಿಎಂ, 13 ಇಂಚು ಪಿಚ್, ಅನುಪಾತ 2. ಲೆಕ್ಕದ ವೇಗ 59.4 ಕಿ.ಮೀ. ಜಿಪಿಎಸ್ 53 ತೋರಿಸಿದರೆ ಸುಮಾರು ಶೇ 11 ಜಾರಿಕೆ, ಅಂದರೆ ಲೆಕ್ಕದ ವೇಗಕ್ಕಿಂತ ಅಷ್ಟು ಕಡಿಮೆ. ಹಗುರ ಬೋಟಿಗೆ ಇದು ಒಳ್ಳೆಯ ಅಂಕಿ. ಶೇ 20 ದಾಟಿದರೆ ಪ್ರೊಪೆಲರ್ ನೀರು ಹಿಡಿಯುತ್ತಿಲ್ಲ ಅಂತ ಅರ್ಥ. ಒಂದೋ ಎಂಜಿನ್ ಜಾಸ್ತಿ ಎತ್ತರ ಇದೆ, ಇಲ್ಲವೇ ಬ್ಲೇಡ್ ಏಟು ತಿಂದಿದೆ. ಜಾರಿಕೆ ಸೊನ್ನೆಗಿಂತ ಕೆಳಗೆ ಬಂದರೆ ಖುಷಿಪಡಬೇಡಿ. ಪಿಚ್ ಅಥವಾ ಆರ್‌ಪಿಎಂ ಓದಿದ್ದು ತಪ್ಪಾಗಿದೆ, ಇಲ್ಲವೇ ಬ್ಲೇಡಿನ ಅಂಚು ಬಾಗಿಸಿದ್ದರಿಂದ ಪಿಚ್ ಬರೆದದ್ದಕ್ಕಿಂತ ಜಾಸ್ತಿಯೇ ಇದೆ.

ಪೂರ್ತಿ ಥ್ರಾಟಲ್‌ನಲ್ಲಿ ಎಂಜಿನ್ ತನ್ನ ಗರಿಷ್ಠ ಆರ್‌ಪಿಎಂ ಮುಟ್ಟದಿದ್ದರೆ ಪಿಚ್ ಕಡಿಮೆ ಮಾಡಿ. ದಾಟಿ ಹೋದರೆ ಹೆಚ್ಚು ಮಾಡಿ. ಸಾಮಾನ್ಯ ಔಟ್‌ಬೋರ್ಡ್‌ನಲ್ಲಿ ಒಂದು ಇಂಚು ಪಿಚ್‌ಗೆ 150ರಿಂದ 200 ಆರ್‌ಪಿಎಂ ವ್ಯತ್ಯಾಸ ಬರುತ್ತದೆ.

ಭಾರ

ಜಪಾನಿನಲ್ಲಿ ಗಂಡಸರಿಗೆ ಕನಿಷ್ಠ 52 ಕಿಲೋ, ಹೆಂಗಸರಿಗೆ 47 ಕಿಲೋ ಅಂತ ಇದೆ. ಕಡಿಮೆ ಇದ್ದವರು ಭಾರ ಹೊರಬೇಕು. ನಿಮ್ಮ ಕ್ಲಾಸಿನಲ್ಲೂ ಸೀಸ ಕಟ್ಟಬೇಕಾಗಿ ಬಂದರೆ ಎಲ್ಲಿ ಕಟ್ಟುತ್ತೀರಿ ಅನ್ನುವುದೂ ಸೆಟಪ್ಪೇ. ಮುಂದೆ ಕಟ್ಟಿದರೆ ಮೂತಿ ಕೆಳಗಿರುತ್ತದೆ, ಅಲೆಯಲ್ಲಿ ನಿಶ್ಚಿಂತೆ. ಹಿಂದೆ ಕಟ್ಟಿದರೆ ಹಗುರವಾಗಿ ತೇಲುತ್ತದೆ, ಗಾಳಿ ಬಂದಾಗ ಭಯ. ಎಲ್ಲಿ ಕಟ್ಟಿದರೂ ಬೋಲ್ಟ್ ಹಾಕಿ ಬಿಗಿಯಿರಿ. ಮಂಡಿ ಎಲ್ಲಿ ಊರಬೇಕು ಅಂತ ನೆಲದ ಮ್ಯಾಟ್ ಮೇಲೆ ಟೇಪ್ ಅಂಟಿಸಿ. ಮೈ ಒಂದು ಗೇಣು ಹಿಂದೆ ಸರಿದರೆ ನೀವು ಎಂಜಿನ್‌ಗೆ ಮಾಡಿದ ಅರ್ಧ ಡಿಗ್ರಿ ಬದಲಾವಣೆಯೆಲ್ಲ ಲೆಕ್ಕ ತಪ್ಪುತ್ತದೆ.

ಮೊದಲ ಸಲ ನೀರಿಗೆ

ಬೆಳಿಗ್ಗೆ ಬೇಗ, ಗಾಳಿ ಏಳುವ ಮುಂಚೆ ಹೋಗಿ. ಕಾಯಲು ಇನ್ನೊಂದು ಬೋಟ್ ಇರಲೇಬೇಕು. ನ್ಯೂಟ್ರಲ್ ಇಲ್ಲದ ಎಂಜಿನ್ ಆದರೆ ಮಂಡಿಮಟ್ಟದ ನೀರಿನಲ್ಲಿ ಗೆಳೆಯರೊಬ್ಬರು ಬೋಟಿನ ಹಿಂಭಾಗ ಎತ್ತಿ ಹಿಡಿಯಬೇಕು. ನೀವು ಹಗ್ಗ ಎಳೆದು, ಎಂಜಿನ್ ಸರಿಯಾಗಿ ಹಿಡಿದ ಮೇಲೆ ಮಂಡಿಯೂರಿ ತಲೆ ಆಡಿಸಿದಾಗ ಅವರು ಬಿಡಬೇಕು. ಬಿಡುವವರ ಕೈಕಾಲು ಪ್ರೊಪೆಲರ್‌ನಿಂದ ದೂರ ಇರಲಿ. ಈ ಕೆಲಸವನ್ನು ಎಂಜಿನ್ ಬಂದ್ ಇರುವಾಗ ಒಣ ಅಭ್ಯಾಸ ಮಾಡಿ.

ಒಂದು ಸಲಕ್ಕೆ ಒಂದೇ ಬದಲಾವಣೆ. ಎತ್ತರವನ್ನೂ ಓರೆಯನ್ನೂ ಒಟ್ಟಿಗೆ ಮುಟ್ಟಿದರೆ ಯಾವುದರಿಂದ ಏನಾಯಿತು ಅಂತ ದೇವರಿಗೇ ಗೊತ್ತು. ನೋಟ್‌ಬುಕ್‌ನಲ್ಲಿ ಎತ್ತರ, ಓರೆ, ಪ್ರೊಪೆಲರ್, ಆರ್‌ಪಿಎಂ, ಜಿಪಿಎಸ್ ವೇಗ, ಗಾಳಿ ಯಾವ ಕಡೆಯಿಂದ ಅಂತ ಬರೆಯಿರಿ. ಒಂದೇ ದಾರಿಯಲ್ಲಿ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬಂದು ಸರಾಸರಿ ತಗೊಳ್ಳಿ.

ಬೋಟ್ ಕುಪ್ಪಳಿಸುತ್ತಿದ್ದರೆ ಎಂಜಿನ್ ಸ್ವಲ್ಪ ಒಳಕ್ಕೆ ತನ್ನಿ, ಇಲ್ಲವೇ ನೀವು ಮುಂದೆ ಸರಿಯಿರಿ. ಮೂತಿ ನೀರಿಗೆ ಅಂಟಿಕೊಂಡು ಸ್ಟೀರಿಂಗ್ ಭಾರ ಅನಿಸಿದರೆ ಹೊರಕ್ಕೆ ಬಿಡಿ. ತಿರುವಿನಲ್ಲಿ ಎಂಜಿನ್ ಚೀರಿದರೆ ಕಾಲು ಇಂಚು ಇಳಿಸಿ. ಎಡಕ್ಕೂ ಬಲಕ್ಕೂ ಹೊಯ್ದಾಡಿದರೆ ಥ್ರಾಟಲ್ ಮೆಲ್ಲಗೆ ಬಿಡಿ. ಆಮೇಲೆ ದಡಕ್ಕೆ ಬಂದು ಸ್ಟೀರಿಂಗ್ ಸಡಿಲ ಇದೆಯಾ ನೋಡಿ. ನೀರು ಒರಟಾಗಿದ್ದರೆ ಎಂಜಿನ್ ಇಳಿಸಿ, ಒಳಕ್ಕೆ ತಂದು ಓಡಿಸಿ. ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಹೈಡ್ರೋದಲ್ಲಿ ಎದುರುಗಾಳಿಗೆ. ಮೂತಿಯ ಕೆಳಗೆ ಗಾಳಿ ಹೊಕ್ಕರೆ ಬೋಟ್ ಹಿಂದಕ್ಕೆ ಪಲ್ಟಿ ಹೊಡೆಯುತ್ತದೆ. ಮೂತಿ ಹಗುರಾಯಿತು ಅನಿಸಿದ ಕ್ಷಣ ಮೈ ಮುಂದಕ್ಕೆ ಹಾಕಿ, ಥ್ರಾಟಲ್ ಸ್ವಲ್ಪ ಇಳಿಸಿ.

ನೇರ ದಾರಿಯ ವೇಗ ಸಿಕ್ಕಿದ ಮೇಲೆ ಗಡಿಯಾರದ ಅಭ್ಯಾಸ ಶುರು ಮಾಡಿ. ಈ ರೇಸುಗಳಲ್ಲಿ ನಿಂತಲ್ಲಿಂದ ಶುರು ಇಲ್ಲ. ದೊಡ್ಡ ಗಡಿಯಾರ ಸೊನ್ನೆಗೆ ಬರುವ ಹೊತ್ತಿಗೆ ಪೂರ್ತಿ ವೇಗದಲ್ಲಿ ಗೆರೆ ದಾಟಬೇಕು. ಒಂದು ಕ್ಷಣ ಮೊದಲು ದಾಟಿದರೂ ಆಟದಿಂದ ಹೊರಗೆ. ಎರಡು ತೇಲುಬುರುಡೆ ಇಟ್ಟು, ಗೆಳೆಯರ ಕೈಗೆ ಸ್ಟಾಪ್‌ವಾಚ್ ಕೊಟ್ಟು, ಬೇಕಾದಷ್ಟು ಸಲ ಮಾಡಿ.

ದಡಕ್ಕೆ ಬಂದ ಮೇಲೆ ಎಂಜಿನ್ ಬಿಸಿ ಇರುವಾಗಲೇ ಪ್ಲಗ್ ಬಿಚ್ಚಿ ಬಣ್ಣ ನೋಡಿ ಬರೆದುಕೊಳ್ಳಿ. ಉಪ್ಪು ನೀರಾದರೆ ಸಿಹಿನೀರು ಹಾಯಿಸಿ ತೊಳೆಯಿರಿ. ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲ್ ಖಾಲಿ ಮಾಡಿ. ಬೋಟನ್ನು ಟ್ರೇಲರ್ ಮೇಲೆ ಕಟ್ಟುವಾಗ ಪಟ್ಟಿಯನ್ನು ತಳದ ನಡುವೆ ಬಿಗಿದು ಎಳೆಯಬೇಡಿ, ಚೌಕಟ್ಟು ಇರುವ ಕಡೆ ಆಧಾರ ಕೊಡಿ. ಟಾರ್ಚ್ ಹಾಕಿ ನೋಡಿ ಆರಿಸಿದ ತಳ ಒಂದು ಬೇಸಿಗೆ ಟ್ರೇಲರ್ ಮೇಲೆ ತಪ್ಪಾಗಿ ಕೂತರೆ ಸಾಕು, ಡೊಂಕಾಗುತ್ತದೆ.